ಮಲೆನಾಡಿನಿಂದ ಹಿಮದ ಇಳಿಜಾರಿಗೆ: ಸ್ನೋಬೋರ್ಡಿಂಗ್ ಜಾಕೆಟ್ ಆರಿಸುವ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಸ್ನೋಬೋರ್ಡಿಂಗ್‌ಗೆ, ಅಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿ ಹಿಮದ ಮೇಲೆ ಜಾರುವ ಆಟಕ್ಕೆ, ಹೊರಟವರು ಜಾಕೆಟ್ ಕೊಳ್ಳುವಾಗ ಅಂಗಡಿಯಲ್ಲಿರುವ ಎಲ್ಲಕ್ಕಿಂತ ದಪ್ಪನೆಯದಕ್ಕೆ ಕೈ ಹಾಕುತ್ತಾರೆ. ಹಿಮ ಅಂದಮೇಲೆ ಚಳಿ, ಚಳಿಗೆ ದಪ್ಪ ಜರ್ಕಿನ್ ಎಂಬ ಲೆಕ್ಕ. ಅದನ್ನು ತೊಟ್ಟು, ಕಾಲಿಗೆ ಬೋರ್ಡ್ ಕಟ್ಟಿ, ಬಿದ್ದು ಎದ್ದು, ಮತ್ತೆ ಬೋರ್ಡ್ ಹೊತ್ತು ಏರು ಹತ್ತುವಷ್ಟರಲ್ಲಿ ಒಳಗಿನ ಬನಿಯನ್ ಬೆವರಿನಿಂದ ತೊಯ್ದಿರುತ್ತದೆ. ಆಮೇಲೆ ಹತ್ತು ನಿಮಿಷ ಸುಮ್ಮನೆ ನಿಂತರೆ ಅದೇ ಬೆವರು ತಣ್ಣಗಾಗಿ ಮೈ ನಡುಗಿಸುತ್ತದೆ.

ಜಾಕೆಟ್ ಗಾಳಿಯನ್ನೂ ನೀರನ್ನೂ ಹೊರಗೇ ತಡೆಯಬೇಕು, ಬೆವರಿನ ಆವಿಯನ್ನು ಹೊರಕ್ಕೆ ಬಿಡಬೇಕು. ಮೈ ಬೆಚ್ಚಗಿಡುವ ಕೆಲಸ ಒಳಗಿನ ಬಟ್ಟೆಯದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಾಟಿಗೆ ಇಳಿದರೆ ಮಳೆಹನಿ ಒಳಗೆ ಬರುವುದಿಲ್ಲ, ಆದರೆ ಒಂದು ತಾಸಿನಲ್ಲಿ ಅಂಗಿ ಮಳೆಯಲ್ಲಿ ನೆಂದಷ್ಟೇ ಒದ್ದೆ. ಕಂಬಳಿ ಕೊಪ್ಪೆ ನೀರು ಕುಡಿದು ಭಾರವಾಗುತ್ತದೆ, ಆದರೂ ಮೈ ಬೆಚ್ಚಗಿರುತ್ತದೆ. ಪ್ಲಾಸ್ಟಿಕ್‌ನಂತೆ ನೀರು ತಡೆದು ಕಂಬಳಿಯಂತೆ ಉಸಿರಾಡುವ ಹೊದಿಕೆಯೊಂದು ಬೇಕು. ಕೆಳಗಿನ ಎಲ್ಲ ವಿವರವೂ ಅದನ್ನು ಗುರುತಿಸುವ ಬಗೆಯೇ.

ಮೊದಲನೆಯದು: ಎಲ್ಲಿಗೆ, ಯಾವ ತಿಂಗಳಲ್ಲಿ

ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಗುಲ್ಮಾರ್ಗ್‌ನ ಬಯಲೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಕೊಂಗ್‌ಡೋರಿಗೆ, ಎರಡನೇ ಹಂತ ಅಫರ್ವಾತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್‌ವರೆಗೆ ಒಯ್ಯುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂದು ಹಿಡಿಯಿರಿ. ಕೆಳಗೆ ಮೈನಸ್ 4 ಇದ್ದರೆ ಮೇಲೆ ಮೈನಸ್ 12ರ ಹತ್ತಿರ. ಇದರ ಮೇಲೆ ಗಾಳಿಯ ಲೆಕ್ಕ ಬೇರೆ: ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ ತಾಗುತ್ತದೆ. ಬೋರ್ಡ್ ಮೇಲೆ ಜಾರುವಾಗ ಆ ಗಾಳಿಯನ್ನು ನಾವೇ ಹುಟ್ಟಿಸಿಕೊಳ್ಳುತ್ತೇವೆ.

ಹೊಸಬರು ಮೊದಲ ಮೂರ್ನಾಲ್ಕು ದಿನ ಕೆಳಗಿನ ಸಣ್ಣ ಇಳಿಜಾರಿನಲ್ಲೇ ಇರುತ್ತಾರೆ. ಬಿಸಿಲಿದ್ದರೆ ಅಲ್ಲಿ ಹಗಲಿನ ಉಷ್ಣಾಂಶ ಸೊನ್ನೆಯ ಆಸುಪಾಸು. ಮೈ ದಣಿಯುವುದೂ ಅಲ್ಲಿಯೇ ಹೆಚ್ಚು, ಬೀಳುವುದೂ ಅಲ್ಲಿಯೇ ಹೆಚ್ಚು. ಜನವರಿಯ ಹಿಮ ಒಣ ಹಿಟ್ಟಿನಂತೆ, ಕೊಡವಿದರೆ ಉದುರಿಹೋಗುತ್ತದೆ. ಮಾರ್ಚ್ ಹೊತ್ತಿಗೆ ಅದೇ ಹಿಮ ಮಧ್ಯಾಹ್ನದ ಬಿಸಿಲಿಗೆ ಕರಗಿ ಮುದ್ದೆಯಾಗುತ್ತದೆ, ಕೂತಲ್ಲಿ ಬಟ್ಟೆ ತೋಯಿಸುತ್ತದೆ. ಫೆಬ್ರವರಿ ಕೊನೆಯ ನಂತರ ಹೋಗುವವರು ನೀರು ತಡೆಯುವ ಗುಣಕ್ಕೆ, ಜನವರಿಯಲ್ಲಿ ಹೋಗುವವರು ಗಾಳಿ ತಡೆಯುವ ಗುಣಕ್ಕೆ ಮತ್ತು ಒಳಪದರಕ್ಕೆ ಹೆಚ್ಚು ಗಮನ ಕೊಡಲಿ.

ಶೆಲ್ಲೋ, ತುಂಬಿಕೆ ಇರುವುದೋ

ಶೆಲ್ ಅಂದರೆ ಒಳಗೆ ಏನೂ ತುಂಬಿರದ ಬರೀ ಹೊರಕವಚ. ಇನ್ನೊಂದು ಬಗೆಯಲ್ಲಿ ಬಟ್ಟೆಯ ಎರಡು ಪದರಗಳ ನಡುವೆ ಹತ್ತಿಯಂತೆ ಕಾಣುವ ಸಿಂಥೆಟಿಕ್ ನಾರೋ ಬಾತುಕೋಳಿಯ ನವಿರು ಪುಕ್ಕವೋ ತುಂಬಿರುತ್ತದೆ. ಸಿಂಥೆಟಿಕ್ ತುಂಬಿಕೆಯನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ: 40ರಿಂದ 60 ಹಗುರ, 80ರಿಂದ 100 ದಪ್ಪ. ಬೆನ್ನು-ಎದೆಗೆ 80, ತೋಳಿಗೆ 60 ಎಂದು ಬೇರೆಬೇರೆ ಇಡುವುದೂ ಉಂಟು. ಪುಕ್ಕದ ಜಾಕೆಟ್ ತೂಕಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆಗಟ್ಟಿ ಬಿಸಿ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಗಂಟೆಗೆ ಹತ್ತು ಸಲ ಹಿಮದಲ್ಲಿ ಹೊರಳುವ ಹೊಸಬರು ಅದನ್ನು ಹೊರಗಿನ ಜಾಕೆಟ್ ಆಗಿ ತೊಡುವುದು ಬೇಡ.

ಹಾಸನ-ಚಿಕ್ಕಮಗಳೂರಿನವರಿಗೆ ನಮ್ಮ ಸಲಹೆ ಶೆಲ್. ಕಾರಣ ಎರಡು. ದಿನದ ಬಿಸಿಲು-ಗಾಳಿ ನೋಡಿಕೊಂಡು ಒಳಗೆ ಒಂದು ಪದರ ತೆಗೆಯಬಹುದು, ಹಾಕಬಹುದು. ಇನ್ನೊಂದು ಕಾರಣ ನಮ್ಮ ಊರಿನದೇ: 80 ಗ್ರಾಂ ತುಂಬಿದ ಜಾಕೆಟ್ ಇಲ್ಲಿ ವರ್ಷದ ಹನ್ನೊಂದೂವರೆ ತಿಂಗಳು ಬೀರುವಿನಲ್ಲಿ ಕೊಳೆಯುತ್ತದೆ, ಒಳ್ಳೆಯ ಶೆಲ್ ಆರಿದ್ರಾ, ಪುನರ್ವಸು, ಪುಷ್ಯ ಮಳೆಯಲ್ಲಿ ದಿನಾ ಕೆಲಸಕ್ಕೆ ಬರುತ್ತದೆ. ತೀರಾ ಚಳಿ ತಾಳದವರು 40 ಗ್ರಾಂ ತುಂಬಿಕೆಯದನ್ನು ತೆಗೆದುಕೊಳ್ಳಬಹುದು. ಶೆಲ್ ಮತ್ತು ಬಿಚ್ಚುವ ಒಳಜಾಕೆಟ್ ಜೋಡಿಯಾಗಿ ಬರುವಂಥವು ಕೇಳಲು ಚೆನ್ನ, ಆದರೆ ಕಡಿಮೆ ಬೆಲೆಯವುಗಳಲ್ಲಿ ಎರಡೂ ಸಾಧಾರಣ ಗುಣಮಟ್ಟದವೇ ಆಗಿರುತ್ತವೆ.

ಒಳಗೆ ಏನು? ಮೈಗೆ ಅಂಟಿದಂತೆ ಮೆರಿನೋ ಉಣ್ಣೆಯ ಅಥವಾ ಪಾಲಿಯೆಸ್ಟರ್‌ನ ಥರ್ಮಲ್, ಅದರ ಮೇಲೆ ಒಂದು ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್ ಸ್ವೆಟರ್. ಬೆನ್ನಚೀಲದಲ್ಲಿ ಒಂದು ತೆಳು ಪುಕ್ಕದ ಜಾಕೆಟ್, ನಿಂತಾಗ ಮಾತ್ರ ಹಾಕಲು. ಹತ್ತಿ ಬಟ್ಟೆ ಎಲ್ಲೂ ಬೇಡ, ಬನಿಯನ್ ಕೂಡ ಬೇಡ. ಹತ್ತಿ ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಸಾವಿರಾರು ಕೊಟ್ಟು ತಂದ ಜಾಕೆಟ್ ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಅನೇಕರು ಒಳಗೆ ಹತ್ತಿಯ ಟೀ-ಶರ್ಟ್ ತೊಟ್ಟಿರುತ್ತಾರೆ.

ಲೇಬಲ್ ಓದುವುದು

ಲೇಬಲ್‌ನಲ್ಲಿ ಎರಡು ಸಂಖ್ಯೆ ಇರುತ್ತವೆ, ಉದಾಹರಣೆಗೆ 10,000 ಮತ್ತು 10,000. ಮೊದಲನೆಯದು ಮಿಲಿಮೀಟರ್. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಅದು ಸೋರದೆ ತಡೆಯುತ್ತದೆ ಎಂಬುದು. 10,000 ಅಂದರೆ ಹತ್ತು ಮೀಟರ್ ನೀರು. ಹಿಮ ಉದುರುವುದಕ್ಕೆ ಇಷ್ಟೆಲ್ಲ ಏಕೆ ಎಂದರೆ, ಸ್ನೋಬೋರ್ಡ್ ಮಾಡುವವರು ಹಿಮದ ಮೇಲೆ ಕೂರುತ್ತಾರೆ, ಮಂಡಿಯೂರುತ್ತಾರೆ, ಮೊಣಕೈ ಊರಿ ಬೀಳುತ್ತಾರೆ. ಮೈಭಾರ ಬಿದ್ದಲ್ಲಿ ಕರಗಿದ ನೀರು ಬಟ್ಟೆಯೊಳಕ್ಕೆ ಒತ್ತಿಹೋಗುತ್ತದೆ. 5,000 ಇರುವುದು ಹಿಮದಲ್ಲಿ ಫೋಟೋ ತೆಗೆಸಿಕೊಳ್ಳಲು ಸಾಕು. ಬೋರ್ಡ್ ಕಟ್ಟುವವರಿಗೆ 10,000 ಕನಿಷ್ಠ, 15,000 ನೆಮ್ಮದಿ. ಮಾರ್ಚ್‌ನ ಒದ್ದೆ ಹಿಮಕ್ಕೂ ಮಲೆನಾಡಿನ ಮಳೆಗೂ ಒಂದೇ ಜಾಕೆಟ್ ಆಗಬೇಕಾದರೆ 20,000ಕ್ಕೆ ಹೋಗಿ.

ಎರಡನೆಯದು ಗ್ರಾಂ. ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಆವಿಯನ್ನು ಹೊರಬಿಡುತ್ತದೆ ಎಂಬ ಅಳತೆ. ಇಲ್ಲೂ 10,000ಕ್ಕಿಂತ ಕೆಳಗೆ ಇಳಿಯಬೇಡಿ. ಪ್ರಯೋಗದ ವಿಧಾನ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಒಬ್ಬರ 15,000 ಇನ್ನೊಬ್ಬರ 10,000ಕ್ಕಿಂತ ಖಂಡಿತ ಮೇಲು ಎಂದು ನಂಬಬೇಡಿ. ಕೆಲವು ಲೇಬಲ್‌ಗಳಲ್ಲಿ ಆರ್‌ಇಟಿ ಎಂಬ ಅಳತೆ ಇರುತ್ತದೆ. ಅದು ಆವಿಗೆ ಎದುರಾಗುವ ತಡೆ, ಆದ್ದರಿಂದ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ಬಹಳ ಚೆನ್ನಾಗಿ ಉಸಿರಾಡುವ ಬಟ್ಟೆ.

ಅದೇ ಲೇಬಲ್‌ನಲ್ಲಿ ಹೊಲಿಗೆಯ ಬಗ್ಗೆ ಏನು ಬರೆದಿದೆ ನೋಡಿ. ಈ ಸಾಲನ್ನು ಯಾರೂ ಓದುವುದಿಲ್ಲ, ನೀರು ಒಳಗೆ ಬರುವ ಮೊದಲ ದಾರಿ ಮಾತ್ರ ಅದೇ. ಸೂಜಿ ಹೋದಲ್ಲೆಲ್ಲ ತೂತು. ಆ ತೂತುಗಳ ಮೇಲೆ ಒಳಗಡೆಯಿಂದ ಬೆರಳಗಲದ ಟೇಪನ್ನು ಬಿಸಿಯಿಂದ ಅಂಟಿಸಿರುತ್ತಾರೆ. ಎಲ್ಲ ಹೊಲಿಗೆಗಳಿಗೂ ಟೇಪ್ ಇದ್ದರೆ ಫುಲ್ಲಿ ಟೇಪ್ಡ್, ಹೆಗಲು-ಕತ್ತು-ಹುಡ್‌ಗೆ ಮಾತ್ರ ಇದ್ದರೆ ಕ್ರಿಟಿಕಲಿ ಟೇಪ್ಡ್. ಒಣ ಹಿಮಕ್ಕೆ ಎರಡನೆಯದು ನಡೆಯುತ್ತದೆ, ನಮ್ಮ ಮಳೆಗೆ ನಡೆಯುವುದಿಲ್ಲ. ಜಾಕೆಟನ್ನು ಒಳಮಗ್ಗಲು ಮಾಡಿ ಕಂಕುಳ ಹತ್ತಿರ ನಾಲ್ಕು ಹೊಲಿಗೆ ಕೂಡುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಟೇಪ್ ನುಣ್ಣಗೆ ಕೂತಿರಬೇಕು. ಅಂಚು ಎದ್ದಿದ್ದರೆ, ಗುಳ್ಳೆ ಇದ್ದರೆ ಅದನ್ನು ಬಿಟ್ಟು ಬೇರೆ ಕೊಡಲು ಹೇಳಿ. ಒಳಗೆ ಲೈನಿಂಗ್ ಇದ್ದು ಟೇಪ್ ಕಾಣದಿದ್ದರೆ ಲೇಬಲ್ಲನ್ನೇ ನಂಬಬೇಕು.

ಎರಡು ಲೇಯರ್, ಎರಡೂವರೆ ಲೇಯರ್, ಮೂರು ಲೇಯರ್ ಎಂಬ ಮಾತೂ ಬರುತ್ತದೆ. ಹೊರಬಟ್ಟೆಗೆ ನೀರು ತಡೆಯುವ ಪೊರೆ, ಅಂದರೆ ಮೆಂಬ್ರೇನ್ ಅಂಟಿಸಿ, ಒಳಗೆ ಬಿಡಿಯಾಗಿ ಜಾಲರಿ ಲೈನಿಂಗ್ ತೂಗುಬಿಟ್ಟರೆ ಎರಡು. ಪೊರೆಯ ಮೇಲೆ ತೆಳುವಾದ ರಕ್ಷಣೆಯ ಲೇಪನ ಅಥವಾ ಅಚ್ಚು ಮಾತ್ರ ಇದ್ದರೆ ಎರಡೂವರೆ. ಹಗುರ, ಆದರೆ ಬೆವರಿದಾಗ ತೋಳಿಗೆ ಅಂಟಿಕೊಳ್ಳುತ್ತದೆ. ಮೂರೂ ಪದರಗಳು ಒಂದಾಗಿ ಅಂಟಿದ್ದರೆ ಮೂರು ಲೇಯರ್. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ.

ಭಾಗಗಳು

ಹಿಮ ಒಳಗೆ ನುಗ್ಗುವುದು ಮೂರು ಕಡೆಯಿಂದ: ಸೊಂಟ, ಮಣಿಕಟ್ಟು, ಕತ್ತು. ಬೆನ್ನ ಮೇಲೆ ಬಿದ್ದು ಜಾರಿದಾಗ ಜಾಕೆಟ್ ಮೇಲಕ್ಕೆ ಸರಿದು, ಬರಿಸೊಂಟ ಸಲಿಕೆಯಂತೆ ಹಿಮ ತುಂಬಿಕೊಳ್ಳುತ್ತದೆ. ಅದನ್ನು ತಡೆಯಲು ಒಳಗಡೆ ಸೊಂಟದ ಸುತ್ತ ಎಲಾಸ್ಟಿಕ್ ಇರುವ ಒಂದು ಪಟ್ಟಿ ಇರುತ್ತದೆ, ಪೌಡರ್ ಸ್ಕರ್ಟ್. ಪ್ರೆಸ್ ಬಟನ್ ಹಾಕಿದರೆ ಪ್ಯಾಂಟಿನ ಮೇಲೆ ಬಿಗಿಯಾಗಿ ಕೂರಬೇಕು. ಅದರ ಒಳಅಂಚಿನಲ್ಲಿ ಜಾರದಂತೆ ರಬ್ಬರಿನಂಥ ಗೆರೆ ಇದೆಯೇ ನೋಡಿ. ಬಿಚ್ಚಿಡುವಂತಿದ್ದರೆ ಇನ್ನೂ ಒಳ್ಳೆಯದು, ಮಳೆಗಾಲದಲ್ಲಿ ತೆಗೆದಿಡಬಹುದು. ಸ್ಕೀ ಜಾಕೆಟ್ಟಿಗಿಂತ ಸ್ನೋಬೋರ್ಡ್ ಜಾಕೆಟ್ ಉದ್ದವಾಗಿ, ಸಡಿಲವಾಗಿ ಇರುವುದೂ ಇದೇ ಕಾರಣಕ್ಕೆ: ಹಿಂಭಾಗ ಕುಂಡೆ ಮುಚ್ಚಬೇಕು.

ಮಣಿಕಟ್ಟಿನಲ್ಲಿ ಹೆಬ್ಬೆರಳು ತೂರಿಸುವ ತೂತಿನ ಒಳತೋಳು ಇದ್ದರೆ ಕೈಊರಿ ಬಿದ್ದಾಗ ಹಿಮ ಒಳಗೆ ಹೋಗುವುದಿಲ್ಲ. ಹೊರಗಿನ ವೆಲ್ಕ್ರೋ ಪಟ್ಟಿ ಗ್ಲೌಸ್‌ನ ಮೇಲೂ ಕಟ್ಟಲು ಬರುವಷ್ಟು ಉದ್ದವಿರಲಿ.

ಕಂಕುಳ ಜಿಪ್ ಇಲ್ಲದ ಜಾಕೆಟ್ ಕೊಳ್ಳಬೇಡಿ. ಎಂಥ ಪೊರೆಯಾದರೂ ಏರು ಹತ್ತುವವರ ಬೆವರನ್ನೆಲ್ಲ ಹೊರಗೆ ಹಾಕಲಾರದು. ಆಗ ಕಂಕುಳಲ್ಲಿ ಒಂದು ಗೇಣು ಜಿಪ್ ತೆರೆದರೆ ಎರಡೇ ನಿಮಿಷದಲ್ಲಿ ಮೈ ಹಗುರವಾಗುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ತೆರೆಯುವ ಜಿಪ್ ಒಳ್ಳೆಯದು.

ಹುಡ್ ಹೆಲ್ಮೆಟ್ ಮೇಲೆ ಕೂರಬೇಕು, ಕೂತ ಮೇಲೂ ಕತ್ತು ಎಡಬಲಕ್ಕೆ ತಿರುಗಬೇಕು. ಜಿಪ್‌ನ ತುದಿ ಗಲ್ಲಕ್ಕೆ ತಾಗುವಲ್ಲಿ ಮೆತ್ತನೆಯ ಬಟ್ಟೆಯ ಮುಚ್ಚಳ ಇರಲಿ. ಹೆಪ್ಪುಗಟ್ಟಿದ ಜಿಪ್ ಗಲ್ಲವನ್ನು ಕೆರೆದು ಹುಣ್ಣು ಮಾಡುತ್ತದೆ. ಜಿಪ್ಪುಗಳಿಗೆ ದಪ್ಪ ಗ್ಲೌಸ್‌ನಲ್ಲೂ ಹಿಡಿಯಲು ಸಿಗುವ ದಾರ ಬೇಕು. ಇಲ್ಲದಿದ್ದರೆ ಮನೆಯಲ್ಲೇ ಆರೇಳು ಸೆಂಟಿಮೀಟರ್ ನೈಲಾನ್ ದಾರ ಕಟ್ಟಿಕೊಳ್ಳಿ. ಎದೆಯ ಒಳಜೇಬು ಮೊಬೈಲಿಗೆ, ಏಕೆಂದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಕೆಲವು ಜಾಕೆಟ್‌ಗಳಲ್ಲಿ ರೆಕ್ಕೋ ಎಂಬ ಪುಟ್ಟ ಪ್ರತಿಫಲಕ ಹೊಲಿದಿರುತ್ತಾರೆ. ರಕ್ಷಣಾ ತಂಡದ ಬಳಿ ಅದರ ಶೋಧಕ ಯಂತ್ರ ಇದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಅಫರ್ವಾತ್‌ನ ಸ್ಕೀ ಗಸ್ತಿನ ಎಲ್ಲೆ ದಾಟಿದ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯ ನಿಜವಾದದ್ದು. ಅಲ್ಲಿಗೆ ಹೋಗುವವರಿಗೆ ಹೂತುಹೋದವರನ್ನು ಪತ್ತೆಹಚ್ಚುವ ಸಂಕೇತ ಯಂತ್ರ (ಟ್ರಾನ್ಸೀವರ್), ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕಡ್ಡಿ (ಪ್ರೋಬ್), ಸಲಿಕೆ, ಅವುಗಳನ್ನು ಬಳಸುವ ತರಬೇತಿ ಮತ್ತು ಸ್ಥಳೀಯ ಗೈಡ್ ಬೇಕು. ಬಣ್ಣವೂ ಸುರಕ್ಷತೆಯ ಮಾತೇ: ಬಿಳಿ, ತಿಳಿಬೂದು ಬೇಡ. ಮೋಡ ಇಳಿದಾಗ ಕಿತ್ತಳೆ, ಕೆಂಪು, ಕಡುನೀಲಿ ಮಾತ್ರ ಕಣ್ಣಿಗೆ ಬೀಳುತ್ತವೆ.

ಮನೆಯಲ್ಲಿ ತೊಟ್ಟು ನೋಡುವ ಕ್ರಮ

ಆನ್‌ಲೈನ್‌ನಲ್ಲಿ ತರಿಸಿದ್ದರೆ ಟ್ಯಾಗ್ ಕೀಳದೆ, ವಾಪಸ್ ಕೊಡುವ ಅವಧಿಯೊಳಗೆ, ಈ ಕ್ರಮದಲ್ಲಿ ಪರೀಕ್ಷಿಸಿ. ಬರೀ ಅಂಗಿಯ ಮೇಲೆ ತೊಟ್ಟು ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ.

1. ಥರ್ಮಲ್ ಮತ್ತು ಫ್ಲೀಸ್ ಹಾಕಿಕೊಂಡು ಎದೆಯ ಸುತ್ತಳತೆ ತೆಗೆಯಿರಿ. ಸೈಜ್ ಪಟ್ಟಿಯನ್ನು ಈ ಅಳತೆಯ ಜೊತೆ ಹೋಲಿಸಿ. ಎರಡು ಸೈಜಿನ ನಡುವೆ ಬಂದರೆ ದೊಡ್ಡದು.
2. ಎಲ್ಲ ಜಿಪ್ ಹಾಕಿ ಎರಡೂ ಕೈ ಮೇಲೆತ್ತಿ. ಸೊಂಟ ಕಂಡರೆ ಜಾಕೆಟ್ ಗಿಡ್ಡ. ತೋಳು ಮಣಿಕಟ್ಟಿನಿಂದ ಮೂರು ಬೆರಳಿಗಿಂತ ಹೆಚ್ಚು ಹಿಂದೆ ಸರಿದರೂ ಗಿಡ್ಡವೇ.
3. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೂಟಿನ ಪಟ್ಟಿ ಬಿಗಿಯುವಂತೆ ಮುಂದಕ್ಕೆ ಬಾಗಿ. ಬೆನ್ನು ಎಳೆಯಬಾರದು, ಹೊಟ್ಟೆಯ ಹತ್ತಿರ ಬಟ್ಟೆ ಗಂಟುಕಟ್ಟಬಾರದು. ದಿನಕ್ಕೆ ಮೂವತ್ತು-ನಲವತ್ತು ಸಲ ಮಾಡುವ ಕೆಲಸ ಇದು.
4. ನೆಲದ ಮೇಲೆ ಕೂತು, ಕೈ ಊರದೆ ಹಿಂದಕ್ಕೆ ವಾಲಿ. ಹಿಂಭಾಗದ ಅಂಚು ಅಡಿಯಲ್ಲಿ ಸಿಕ್ಕಿಕೊಂಡೇ ಇರಬೇಕು.
5. ಸೈಕಲ್ ಹೆಲ್ಮೆಟ್ ಇದ್ದರೆ ಅದರ ಮೇಲೆ ಹುಡ್ ಎಳೆಯಿರಿ. ಬೈಕಿನ ಫುಲ್ ಹೆಲ್ಮೆಟ್ ತೀರಾ ದೊಡ್ಡದು, ಅದರಿಂದ ಅಂದಾಜು ಸಿಗದು.
6. ಗ್ಲೌಸ್ ಹಾಕಿಕೊಂಡು ಕಣ್ಣುಮುಚ್ಚಿ ಪ್ರತಿಯೊಂದು ಜಿಪ್ಪನ್ನೂ ಹುಡುಕಿ ತೆರೆಯಿರಿ.

ತೋಳು ಉದ್ದವಾಯಿತೆಂದು ಪೇಟೆಯ ಟೈಲರ್ ಹತ್ತಿರ ಕೊಟ್ಟು ಮಡಿಸಿ ಹೊಲಿಸಬೇಡಿ. ಹೊಸ ಹೊಲಿಗೆಯ ಒಂದೊಂದು ಸೂಜಿತೂತಿನಲ್ಲೂ ನೀರು ಬರುತ್ತದೆ, ಮೊದಲಿದ್ದ ಟೇಪೂ ಹಾಳಾಗುತ್ತದೆ. ವೆಲ್ಕ್ರೋ ಬಿಗಿದು ಸರಿಹೊಂದಿಸಿ, ಇಲ್ಲವೇ ಸೈಜ್ ಬದಲಿಸಿ.

ನೀರಿನ ಪರೀಕ್ಷೆಗೆ ಒಂದು ಹಿಡಿ ನೀರು ಸಾಕು. ಹೆಗಲ ಮೇಲೆ ಚಿಮುಕಿಸಿದರೆ ಕೆಸುವಿನ ಎಲೆಯ ಮೇಲಿನಂತೆ ಹನಿಗಳು ಮುತ್ತಾಗಿ ಉರುಳಿ ಬೀಳಬೇಕು. ಇದು ಹೊರಬಟ್ಟೆಗೆ ಹಚ್ಚಿರುವ ನೀರು ಜಾರಿಸುವ ಲೇಪದ ಕೆಲಸ. ಹನಿ ಹರಡಿ ಬಟ್ಟೆ ಕಪ್ಪಾದರೆ ಲೇಪ ಸವೆದಿದೆ. ಹೊರಬಟ್ಟೆ ಹೀಗೆ ನೀರು ಕುಡಿದಾಗ ಒಳಗಿನ ಪೊರೆ ಗಟ್ಟಿಯಿದ್ದರೂ ಆವಿ ಹೊರಹೋಗುವ ದಾರಿ ಮುಚ್ಚುತ್ತದೆ, ಒಳಗೆ ಬೆವರು ಕಟ್ಟುತ್ತದೆ, ತೊಟ್ಟವರು ಜಾಕೆಟ್ ಸೋರುತ್ತಿದೆ ಎಂದುಕೊಳ್ಳುತ್ತಾರೆ.

ಜಾಕೆಟ್ ಎಷ್ಟು ಉಸಿರಾಡುತ್ತದೆ ಎಂಬ ಪರೀಕ್ಷೆಗೆ ಮುಳ್ಳಯ್ಯನಗಿರಿಯ ಮೆಟ್ಟಿಲಿಗಿಂತ ಒಳ್ಳೆಯ ಜಾಗ ಬೇಡ. ಹೊರಡುವ ತಿಂಗಳು ಮೊದಲು, ಚಳಿಯ ಬೆಳಿಗ್ಗೆ, ಪೂರ್ತಿ ಪದರಗಳನ್ನು ತೊಟ್ಟು ಒಂದೇ ಉಸಿರಿಗೆ ಹತ್ತಿ. ಮೇಲಿನ ಗಾಳಿಯಲ್ಲಿ ಐದು ನಿಮಿಷ ನಿಲ್ಲಿ. ಬೆನ್ನು ತಣ್ಣಗೆ ಒದ್ದೆ ಎನಿಸಿದರೆ ಒಳಗೆ ಒಂದು ಪದರ ಹೆಚ್ಚಾಯಿತು, ಅಥವಾ ಕಂಕುಳ ಜಿಪ್ ತೆರೆಯುವುದು ತಡವಾಯಿತು.

ಬಾಡಿಗೆಗೆ ತೆಗೆದುಕೊಳ್ಳುವುದಾದರೆ

ಒಂದೇ ಸಲ, ಮೂರು ದಿನ ಎಂದಿದ್ದರೆ ಕೊಳ್ಳುವ ಅಗತ್ಯವಿಲ್ಲ. ಗುಲ್ಮಾರ್ಗ್‌ನಲ್ಲಿ ಬೋರ್ಡ್, ಬೂಟಿನ ಜೊತೆ ಬಟ್ಟೆಯೂ ಬಾಡಿಗೆಗೆ ಸಿಗುತ್ತದೆ. ತೋಳಿನೊಳಗೆ ಕೈ ಹಾಕಿ ನೋಡಿ, ಹಿಂದಿನವರ ಬೆವರು ಆರದೆ ಇರಬಹುದು. ಜಿಪ್ ಮೂರು ಸಲ ಎಳೆಯಿರಿ, ವೆಲ್ಕ್ರೋ ಹಿಡಿಯುತ್ತದೆಯೇ ನೋಡಿ. ಥರ್ಮಲ್, ಗ್ಲೌಸ್, ಕಾಲುಚೀಲ ಮಾತ್ರ ನಿಮ್ಮದೇ ಇರಲಿ. ದುಡ್ಡು ಕಡಿಮೆ ಇದ್ದು ಒಂದನ್ನೇ ಕೊಳ್ಳಬೇಕಾದರೆ ಜಾಕೆಟ್ಟಿಗಿಂತ ಮೊದಲು ನೀರು ತಡೆಯುವ ಪ್ಯಾಂಟ್ ಕೊಳ್ಳಿ. ಹೊಸಬರು ದಿನದ ಅರ್ಧ ಭಾಗ ಕುಂಡೆಯ ಮೇಲೆ, ಮಂಡಿಯ ಮೇಲೆ ಇರುತ್ತಾರೆ.

ಒಗೆಯುವುದು, ಒಣಗಿಸುವುದು, ಮಳೆಗಾಲ ದಾಟಿಸುವುದು

ಕಾಶ್ಮೀರದ ಕೋಣೆಗಳಲ್ಲಿ ಬುಖಾರಿ, ಅಂದರೆ ಕಬ್ಬಿಣದ ಒಲೆ ಇರುತ್ತದೆ. ಒದ್ದೆ ಜಾಕೆಟನ್ನು ಅದರ ಪಕ್ಕಕ್ಕೇ ತೂಗುಹಾಕಿದರೆ ನೈಲಾನ್ ಸುಕ್ಕುಗಟ್ಟುತ್ತದೆ, ಟೇಪಿನ ಅಂಟು ಬಿಡುತ್ತದೆ. ಕೋಣೆಯ ಆಚೆ ಬದಿಯಲ್ಲಿ, ಎಲ್ಲ ಜಿಪ್ ತೆರೆದು ತೂಗುಹಾಕಿ. ಫೆರನ್ ಎಂಬ ನಿಲುವಂಗಿಯೊಳಗೆ ಕಾಂಗ್ಡಿ, ಅಂದರೆ ಕೆಂಡದ ಮಡಕೆ ಹಿಡಿಯುವ ಅಲ್ಲಿಯವರನ್ನು ನೋಡಿ ಈ ಜಾಕೆಟ್ ಒಳಗೆ ಕೆಂಡ ಇಟ್ಟುಕೊಳ್ಳಬೇಡಿ. ಉಣ್ಣೆಯಂತಲ್ಲ, ನೈಲಾನ್ ಕರಗಿ ಮೈಗಂಟುತ್ತದೆ.

ಊರಿಗೆ ಬಂದ ಮೇಲೆ ಒಮ್ಮೆ ಒಗೆಯಿರಿ. ಬೆವರಿನ ಎಣ್ಣೆ, ಸನ್‌ಸ್ಕ್ರೀನ್ ಉಳಿದರೆ ಪೊರೆ ಹಾಳಾಗುತ್ತದೆ. ಜಿಪ್‌ಗಳನ್ನೆಲ್ಲ ಮುಚ್ಚಿ, 30 ಡಿಗ್ರಿಯ ನೀರಿನಲ್ಲಿ ಸೌಮ್ಯ ದ್ರವ ಸಾಬೂನು ಸ್ವಲ್ಪವೇ ಹಾಕಿ, ಎರಡು ಸಲ ಜಾಲಿಸಿ. ಬಟ್ಟೆ ಮೃದು ಮಾಡುವ ಕಂಡಿಷನರ್ ಮುಟ್ಟಿಸಬೇಡಿ, ಅದು ನೀರು ಜಾರಿಸುವ ಲೇಪವನ್ನು ಕೆಡಿಸುತ್ತದೆ. ಕಲ್ಲಿಗೆ ಕುಕ್ಕುವುದು, ಬ್ರಶ್ ಉಜ್ಜುವುದು, ಹಿಂಡುವುದು ಬೇಡ. ನೆರಳಿನಲ್ಲಿ ಒಣಗಿದ ಮೇಲೆ, ಲೇಬಲ್ ಒಪ್ಪಿದರೆ, ಮೇಲೊಂದು ಹತ್ತಿ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ಮಲಗಿದ್ದ ಲೇಪ ಆ ಬಿಸಿಗೆ ಮತ್ತೆ ಎದ್ದು ನೀರು ಜಾರಿಸತೊಡಗುತ್ತದೆ. ಆಗಲೂ ಹನಿ ಉರುಳದಿದ್ದರೆ ಸಿಂಪಡಿಸುವ ಹೊಸ ಲೇಪ ತಂದು ಹಚ್ಚಿ.

ಮಲೆನಾಡಿನಲ್ಲಿ ಜಾಕೆಟ್ ಹಾಳಾಗುವುದು ಹಿಮಕ್ಕಿಂತ ಬೀರುವಿನಲ್ಲಿ. ಕಡಿಮೆ ಬೆಲೆಯ ಜಾಕೆಟ್‌ಗಳ ಪೊರೆ ಪಾಲಿಯುರೆಥೇನ್ ಲೇಪನದ್ದು, ಅದು ಬೆಚ್ಚನೆಯ ತೇವದಲ್ಲಿ ವರ್ಷಗಟ್ಟಲೆ ಇದ್ದರೆ ನೀರಿನಂಶದೊಡನೆ ವರ್ತಿಸಿ ಮುರಿಯುತ್ತದೆ. ಮೊದಲು ಒಳಮೈ ಅಂಟಂಟು, ಆಮೇಲೆ ಬಿಳಿ ಹೊಟ್ಟಿನಂತೆ ಉದುರುವುದು. ಹಾಗಾದ ಮೇಲೆ ರಿಪೇರಿ ಇಲ್ಲ. ಬೂಷ್ಟು ಬೇರೆ. ಆದ್ದರಿಂದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಮಡಿಸಿ ಒತ್ತಿ ತುಂಬಬೇಡಿ. ಅಗಲವಾದ ಹ್ಯಾಂಗರಿಗೆ ಹಾಕಿ, ಹಳೆಯ ಹತ್ತಿ ಪಂಚೆ ಹೊದಿಸಿ, ಜೇಬುಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಹೊರಗೋಡೆಗೆ ತಾಗದ ಬೀರುವಿನಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಳವಾದ ದಿನಗಳಲ್ಲಿ ಹೊರಗೆ ತೆಗೆದು ಒಂದು ಮಧ್ಯಾಹ್ನ ನೆರಳಿನ ಗಾಳಿಗೆ ಹಾಕಿ. ನವೆಂಬರಿನಲ್ಲಿ, ಟಿಕೆಟ್ ಮಾಡಿಸುವ ಮುಂಚೆಯೇ, ಒಳಮಗ್ಗಲು ಮಾಡಿ ಟೇಪುಗಳನ್ನು ಮತ್ತೊಮ್ಮೆ ಬೆರಳಿನಿಂದ ಸವರಿ, ಹೆಗಲಿಗೆ ನೀರು ಚಿಮುಕಿಸಿ ನೋಡಿ.